ಲ್ಯಾಪ್‌ಟಾಪಿನಲ್ಲಿ ಒಂದು ಗೆಲಾಕ್ಸಿ ಹರಿದ ಕಥೆ

ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಒಮ್ಮೆ ಗುರುತ್ವದ ಪಾಠ ಬೇಗ ಮುಗಿಯಿತು. ಉಳಿದ ಹತ್ತು ನಿಮಿಷಕ್ಕೆ ಧನು ರಾಶಿಯ ಕುಬ್ಜ ಗೆಲಾಕ್ಸಿಯ ಕಥೆ ತೆಗೆದೆ. 1994ರಲ್ಲಿ ಇಬಾಟಾ, ಗಿಲ್ಮೋರ್, ಇರ್ವಿನ್ ಎಂಬ ಮೂವರು ಅದನ್ನು ಪತ್ತೆಹಚ್ಚಿದರು. ತಮಾಷೆ ಅಂದರೆ ಅದರ ನಟ್ಟನಡುವೆ ಇರುವ ಎಂ54 ಎಂಬ ನಕ್ಷತ್ರಗುಚ್ಛವನ್ನು ಫ್ರಾನ್ಸಿನ ಖಗೋಳಜ್ಞ ಮೆಸಿಯೇ 1778ರಲ್ಲೇ ನೋಡಿದ್ದ. ಅದು ಬೇರೆ ಗೆಲಾಕ್ಸಿಯ ಸೊತ್ತು ಅಂತ ಇನ್ನೂರು ವರ್ಷ ಯಾರಿಗೂ ಹೊಳೆಯಲಿಲ್ಲ. ಆ ಪುಟ್ಟ ಗೆಲಾಕ್ಸಿ ನಮ್ಮ ಆಕಾಶಗಂಗೆಯನ್ನು ಸುತ್ತುತ್ತಾ ಹರಿದುಹೋಗುತ್ತಿದೆ, ಅದರ ನಕ್ಷತ್ರಗಳು ಹಿಂದೆ ಮುಂದೆ ಎರಡು ಬಾಲಗಳಾಗಿ ಇಡೀ ಆಕಾಶವನ್ನು ಸುತ್ತಿಕೊಂಡಿವೆ ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸಾರ್, ಎಳೆಯೋದು ಒಂದೇ ಕಡೆಯಿಂದ ಅಲ್ವಾ? ಬಾಲ ಎರಡು ಯಾಕೆ?"

ಸಮುದ್ರದ ಉಬ್ಬರದ ಥರ ಅಂತ ಏನೋ ಹೇಳಿ ಪಾರಾದೆ. ಅವನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಮಾಡಿಯೇ ನೋಡೋಣ ಅಂತ ಕೂತೆ. ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್, ಅಷ್ಟಿಷ್ಟು ಪೈಥಾನ್ ಪ್ರೋಗ್ರಾಮಿಂಗ್. ಆಕಾಶಗಂಗೆಯನ್ನು ಒಂದೇ ಸೂತ್ರಕ್ಕೆ ಇಳಿಸಿದೆ: ಎಷ್ಟು ದೂರದಲ್ಲಿ ವೃತ್ತವಾಗಿ ಸುತ್ತಿದರೂ ವೇಗ ಸೆಕೆಂಡಿಗೆ 220 ಕಿ.ಮೀ. ಕಣ್ಣಿಗೆ ಕಾಣದೆ ಎಳೆಯುವ ದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್ ಇರುವುದರಿಂದ ಇದು ಸುಮಾರಾಗಿ ಸರಿಯೇ. ಪುಟ್ಟ ಗೆಲಾಕ್ಸಿಗೆ 100 ಕೋಟಿ ಸೂರ್ಯರ ತೂಕ ಕೊಟ್ಟೆ. ಆಕಾರಕ್ಕೆ ಖಗೋಳಜ್ಞ ಪ್ಲಮ್ಮರ್ 1911ರಲ್ಲಿ ಚೆಂಡಿನಾಕಾರದ ನಕ್ಷತ್ರಗುಚ್ಛಗಳಿಗಾಗಿ ಕೊಟ್ಟ ಸೂತ್ರ. ಅದರೊಳಗೆ ನಕ್ಷತ್ರಗಳೆಂದು 5,000 ಚುಕ್ಕೆಗಳನ್ನು ಚೆಲ್ಲಿದೆ. ಚುಕ್ಕೆಗಳು ಒಂದನ್ನೊಂದು ಎಳೆಯುವುದಿಲ್ಲ. ಎಳೆಯುವವರು ಇಬ್ಬರೇ, ದೊಡ್ಡ ಗೆಲಾಕ್ಸಿ ಮತ್ತು ಚಿಕ್ಕದು. ಇದೊಂದು ಸಣ್ಣ ಮೋಸ, ಆದರೆ ನನ್ನ ಲ್ಯಾಪ್‌ಟಾಪಿಗೆ ಅಷ್ಟೇ ತಾಕತ್ತು.

ಅಳತೆಯ ವಿಷಯದಲ್ಲಿ ಒಂದು ಅನುಕೂಲ ಇದೆ. ಸೆಕೆಂಡಿಗೆ 1 ಕಿ.ಮೀ. ವೇಗದಲ್ಲಿ 100 ಕೋಟಿ ವರ್ಷ ಹೋದರೆ ಹೆಚ್ಚುಕಡಿಮೆ 1 ಕಿಲೋಪಾರ್ಸೆಕ್ ಆಗುತ್ತದೆ, ಅಂದರೆ ಸುಮಾರು 3,260 ಜ್ಯೋತಿರ್ವರ್ಷ. ಇದನ್ನು ಹಿಡಿದರೆ ಸೊನ್ನೆಗಳ ಕಾಟ ತಪ್ಪುತ್ತದೆ. 50 ಕಿಲೋಪಾರ್ಸೆಕ್ ದೂರದಲ್ಲಿ ಇಟ್ಟು, ಸೆಕೆಂಡಿಗೆ 107 ಕಿ.ಮೀ. ಅಡ್ಡ ವೇಗ ಕೊಟ್ಟು ಬಿಟ್ಟೆ. ಲೆಕ್ಕದ ಪ್ರಕಾರ ಅದು 15 ಕಿಲೋಪಾರ್ಸೆಕ್‌ವರೆಗೆ ಒಳಗೆ ಬಂದು ಮತ್ತೆ ಹೊರಗೆ ಹೋಗಬೇಕು.

ಮೊದಲ ಸಲವೇ ನಕ್ಷತ್ರಗಳು ಚೆಲ್ಲಾಪಿಲ್ಲಿ! ಖುಷಿಯಿಂದ ಚಿತ್ರವನ್ನು ಗೆಳೆಯನಿಗೆ ಕಳಿಸಿದೆ. ಅವನು ಒಂದೇ ಸಾಲು ಬರೆದ: "ದೊಡ್ಡ ಗೆಲಾಕ್ಸಿ ತೆಗೆದು ಓಡಿಸಿದ್ದೀಯಾ?"

ಓಡಿಸಿದೆ. ಹೊರಗಿನಿಂದ ಎಳೆಯುವವರು ಯಾರೂ ಇಲ್ಲ. ಆದರೂ ನನ್ನ ಪುಟ್ಟ ಗೆಲಾಕ್ಸಿ ತಾನೇ ತಾನಾಗಿ ಕರಗಿಹೋಯಿತು.

ತಪ್ಪು ನನ್ನ ಹೆಜ್ಜೆಯಲ್ಲಿತ್ತು. ಪ್ರೋಗ್ರಾಂ ಕಾಲವನ್ನು ಹೆಜ್ಜೆಹೆಜ್ಜೆಯಾಗಿ ಮುಂದೂಡುತ್ತದೆ, ಒಂದೊಂದು ಹೆಜ್ಜೆಗೆ 5 ಕೋಟಿ ವರ್ಷ ಇಟ್ಟಿದ್ದೆ. ದೊಡ್ಡ ಪ್ರದಕ್ಷಿಣೆಗೆ ಅದು ಹೇಗೋ ನಡೆದೀತು. ಆದರೆ ಪುಟ್ಟ ಗೆಲಾಕ್ಸಿಯೊಳಗೆ, ನಡುವಿನಿಂದ 1 ಕಿಲೋಪಾರ್ಸೆಕ್ ದೂರದ ನಕ್ಷತ್ರ ಒಂದು ಸುತ್ತು ಹಾಕಲು ಸುಮಾರು 16 ಕೋಟಿ ವರ್ಷ ಸಾಕು. ಮೂರು ಹೆಜ್ಜೆಗೆ ಒಂದು ಸುತ್ತು! ವೃತ್ತ ಬರೆಯೆಂದರೆ ತ್ರಿಕೋನ ಬರೆದ ಹಾಗೆ. ಅದರ ಮೇಲೆ ನಾನು ಬಳಸಿದ್ದು, ಇದ್ದ ವೇಗದಲ್ಲೇ ಇಡೀ ಹೆಜ್ಜೆ ನೇರವಾಗಿ ಹಾಕುವ ಆಯ್ಲರನ ಸರಳ ವಿಧಾನ. ಅದು ಪ್ರತಿ ಹೆಜ್ಜೆಗೂ ಇಲ್ಲದ ಶಕ್ತಿಯನ್ನು ಚೂರುಚೂರು ಸೇರಿಸುತ್ತಾ ಹೋಗುತ್ತದೆ. ಹೆಜ್ಜೆಯನ್ನು 10 ಲಕ್ಷ ವರ್ಷಕ್ಕೆ ಇಳಿಸಿ, ಸ್ಥಾನ ಮತ್ತು ವೇಗವನ್ನು ಅರ್ಧರ್ಧ ಹೆಜ್ಜೆ ಬಿಟ್ಟು ಮುಂದೂಡುವ 'ಲೀಪ್‌ಫ್ರಾಗ್' ವಿಧಾನ ಹಾಕಿದೆ. ಈಗ 500 ಕೋಟಿ ವರ್ಷ ಒಂಟಿಯಾಗಿ ಬಿಟ್ಟರೂ ಅಲುಗಲಿಲ್ಲ. ನೀವೇನಾದರೂ ಇದನ್ನು ಮಾಡಲು ಹೊರಟರೆ, ಮೊದಲು ಈ ಒಂಟಿ ಪರೀಕ್ಷೆ ಮಾಡಿ.

ಆಮೇಲೆ ಬಂದದ್ದು ನಿಜವಾದ ಬಾಲ. ಗೆಲಾಕ್ಸಿ ಒಂದೇ ಸಮ ಹರಿದುಹೋಗುವುದಿಲ್ಲ. ಸುಮಾರು 70 ಕೋಟಿ ವರ್ಷಕ್ಕೊಮ್ಮೆ ಹತ್ತಿರ ಬಂದಾಗ ಒಂದು ಕಂತು ಉದುರುತ್ತದೆ, ದೂರ ಹೋದಾಗ ಸುಮ್ನಿರುತ್ತದೆ. ಕಾರಣವನ್ನು ಕಾಗದದ ಮೇಲೇ ಲೆಕ್ಕ ಹಾಕಬಹುದು. 50 ಕಿಲೋಪಾರ್ಸೆಕ್ ದೂರದಲ್ಲಿದ್ದಾಗ ಪುಟ್ಟ ಗೆಲಾಕ್ಸಿ ತನ್ನ ಸುತ್ತ 4.8 ಕಿಲೋಪಾರ್ಸೆಕ್‌ವರೆಗೆ ನಕ್ಷತ್ರಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. 15ಕ್ಕೆ ಬಂದಾಗ ಆ ಬೇಲಿ 2.2ಕ್ಕೆ ಕುಗ್ಗುತ್ತದೆ. ನನ್ನ ಚುಕ್ಕೆಗಳಲ್ಲಿ ಕಾಲು ಭಾಗ ಒಮ್ಮೆಲೇ ಬೇಲಿಯಾಚೆ!

ಹುಡುಗನ ಪ್ರಶ್ನೆಗೆ ಚುಕ್ಕೆಗಳಿಗೆ ಬಣ್ಣ ಹಚ್ಚಿದೆ. ದೊಡ್ಡ ಗೆಲಾಕ್ಸಿಯ ಕಡೆಗಿರುವ ಒಳಮಗ್ಗುಲಿಂದ ಕಳಚಿದವು ಕೆಂಪು, ಹೊರಮಗ್ಗುಲಿಂದ ಕಳಚಿದವು ನೀಲಿ. ಒಳಮಗ್ಗುಲಿನವನ್ನು ದೊಡ್ಡ ಗೆಲಾಕ್ಸಿ ಜಾಸ್ತಿ ಎಳೆಯುತ್ತದೆ, ನಡುವನ್ನು ಸ್ವಲ್ಪ ಕಡಿಮೆ, ಹೊರಮಗ್ಗುಲನ್ನು ಇನ್ನೂ ಕಡಿಮೆ. ಹರಿಯುವುದು ಎಳೆತದಿಂದಲ್ಲ, ಎಳೆತದ ಈ ವ್ಯತ್ಯಾಸದಿಂದ. ಹಾಗಾಗಿ ಎರಡೂ ಕಡೆ ಕಳಚುತ್ತವೆ. ಮುಂದಿನ ಆಟ ಕಣದ ಎತ್ತುಗಳದು. ಮೇಟಿಯ ಸುತ್ತ ತುಳಿಯುವಾಗ ಒಳಗಿನ ಎತ್ತಿಗೆ ದಾರಿ ಕಡಿಮೆ. ಕಣ್ಣಿ ಬಿಚ್ಚಿದರೆ ಅದೇ ಮುಂದೆ ಹೋಗುತ್ತದೆ, ಹೊರಗಿನದು ಹಿಂದೆ ಬೀಳುತ್ತದೆ. ಪರದೆಯ ಮೇಲೂ ಕೆಂಪು ಮುಂದೆ, ನೀಲಿ ಹಿಂದೆ.

ಇಂಥ ಪುಟ್ಟ ಗೆಲಾಕ್ಸಿಗಳ ಹುಟ್ಟಿನ ಕಥೆ ನನ್ನ ಪ್ರೋಗ್ರಾಂನಲ್ಲಿಲ್ಲ. ವಿಶ್ವದಲ್ಲಿ ಡಾರ್ಕ್ ಮ್ಯಾಟರಿನ ಸಣ್ಣ ಗುಡ್ಡೆಗಳೇ ಮೊದಲು ಕಟ್ಟಿಕೊಂಡವು, ಅವು ಕೂಡಿ ದೊಡ್ಡವಾದವು. ತೀರಾ ಸಣ್ಣವುಗಳ ಅನಿಲ ಬೇಗ ಕಾದು ಚದುರಿತು, ನಕ್ಷತ್ರ ಹುಟ್ಟುವುದೇ ನಿಂತಿತು. ನಮ್ಮ ಆಕಾಶಗಂಗೆಯನ್ನು ಸುತ್ತುವ ಸೆಗ್ಯೂ 1 ಎಂಬ ಪುಟ್ಟ ಗೆಲಾಕ್ಸಿಯಲ್ಲಿ ಇರುವುದು ಸಾವಿರದ ಆಸುಪಾಸು ನಕ್ಷತ್ರ. ನಮ್ಮ ಕಾಲೇಜಿನ ಮಕ್ಕಳ ಸಂಖ್ಯೆ ಅದಕ್ಕಿಂತ ಜಾಸ್ತಿ.

ಇನ್ನೊಂದು ಕೊರತೆ ಬೇಗ ಕಣ್ಣಿಗೆ ಬಿತ್ತು. ನನ್ನ ಗೆಲಾಕ್ಸಿ ಒಳಕ್ಕೆ ಕುಸಿಯುವುದೇ ಇಲ್ಲ. ಚಂದ್ರಶೇಖರ್ 1943ರಲ್ಲಿ ತೋರಿಸಿದ ಒಂದು ಘರ್ಷಣೆ ಇದೆ: ಚಲಿಸುವ ಭಾರ ತನ್ನ ಹಿಂದೆ ದ್ರವ್ಯವನ್ನು ಗುಡ್ಡೆ ಹಾಕಿಕೊಂಡು, ಆ ಗುಡ್ಡೆಯಿಂದಲೇ ತಡೆಯಲ್ಪಡುತ್ತದೆ. ಆ ಸಾಲು ಸೇರಿಸಿದರೂ 100 ಕೋಟಿ ಸೂರ್ಯರ ತೂಕದ್ದು ಕದಲಲಿಲ್ಲ. ತೂಕವನ್ನು ನೂರು ಪಟ್ಟು ಏರಿಸಿದಾಗ ಒಂದೆರಡು ಸುತ್ತಿನಲ್ಲೇ ಮುಳುಗಿತು. ದೊಡ್ಡ ಮೆಗೆಲನ್ ಮೋಡ ಎಂಬ ನೆರೆಯ ಗೆಲಾಕ್ಸಿ ಅಷ್ಟು ಭಾರದ್ದು. ಹಬಲ್ ದೂರದರ್ಶಕದಿಂದ ಅದರ ವೇಗ ಅಳೆದಾಗ ಸೆಕೆಂಡಿಗೆ 320 ಕಿ.ಮೀ. ಆಸುಪಾಸು ಬಂತು. ಇಷ್ಟು ವೇಗದ್ದು ಹಿಂದಿನಿಂದಲೂ ನಮ್ಮನ್ನು ಸುತ್ತುತ್ತಿದೆ ಎನ್ನುವುದು ಕಷ್ಟ. ಹಾಗಾಗಿ ಅದು ನಮ್ಮ ಹತ್ತಿರ ಮೊದಲ ಸಲ ಬರುತ್ತಿರಬಹುದು ಎಂಬ ವಾದ ಬಲವಾಯಿತು. ಮೈಸೂರಿನಿಂದ ನೋಡಿದರೆ ಅದು ದಿಗಂತದಿಂದ ಎದ್ದರೆ 8 ಡಿಗ್ರಿ, ಚಾಚಿದ ಕೈಯ ಮುಷ್ಟಿಯಷ್ಟೂ ಇಲ್ಲ. ನಂಜನಗೂಡಿನಾಚೆ ಹೊಲದಲ್ಲಿ ಎರಡು ರಾತ್ರಿ ಕಾದೆ. ಅಗಸ್ತ್ಯ ನಕ್ಷತ್ರ ಕಂಡಿತು, ಕೆಳಗೆ ಬರೀ ಮಬ್ಬು.

ಹುಡುಗನಿಗೆ ಕೆಂಪು ನೀಲಿ ತೋರಿಸಿದೆ. ತಲೆಯಾಡಿಸಿದ. ಆಮೇಲೆ, "ಸಾರ್, ಆ ದೊಡ್ಡ ಮೋಡ ಅಷ್ಟು ಭಾರ ಇದ್ರೆ ನಮ್ಮ ಗೆಲಾಕ್ಸಿಯನ್ನೂ ಎಳೆಯಲ್ವಾ?" ಎಂದ.

ಎಳೆಯುತ್ತದೆ. ನಾನು ಆಕಾಶಗಂಗೆಯನ್ನು ಸೊನ್ನೆಯ ಮೇಲೆ ಮೊಳೆ ಹೊಡೆದು ಕೂರಿಸಿದ್ದೆ. ನಿನ್ನೆ ಆ ಸಾಲು ಅಳಿಸಿದೆ. ಈಗ ಎಲ್ಲವೂ ಪರದೆಯಿಂದಾಚೆ ಓಡಿಹೋಗುತ್ತಿವೆ. ಎಲ್ಲೋ ಒಂದು ಮೈನಸ್ ಚಿಹ್ನೆ ತಪ್ಪಿದೆ, ಹುಡುಕುತ್ತಿದ್ದೇನೆ.