ಹಳೆಯ ವಿಸಿಆರ್, ಡಿವಿಡಿ ಪ್ಲೇಯರ್‌ಗಳನ್ನು ಹೊಸ ಎಚ್‌ಡಿ ಟಿ.ವಿ.ಗೆ ಜೋಡಿಸುವ ಬಗೆ

ಮದುವೆ, ಗೃಹಪ್ರವೇಶ, ನಾಮಕರಣಗಳ ವಿಎಚ್‌ಎಸ್ ಕ್ಯಾಸೆಟ್‌ಗಳು ಇಂದಿಗೂ ಅನೇಕ ಮನೆಗಳ ಬೀರುವಿನಲ್ಲಿ ಉಳಿದಿವೆ. ಹೊಸ ಟಿ.ವಿ.ಯ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ಸಾಕೆಟ್‌ಗಳು ಕಾಣದಿದ್ದಾಗ ವಿಸಿಆರ್ ಇನ್ನು ಕೆಲಸಕ್ಕೆ ಬಾರದೆಂದು ಅದನ್ನು ಗುಜರಿಗೆ ಹಾಕುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ವಿಸಿಆರ್ ತಯಾರಿಸುವ ಕೊನೆಯ ಕಂಪನಿಯೆಂದು ಹೆಸರಾಗಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಆದ್ದರಿಂದ ಈಗ ಕೈಬಿಟ್ಟ ಯಂತ್ರಕ್ಕೆ ಬದಲಿಯಾಗಿ ಹೊಸದು ಸಿಗುವುದಿಲ್ಲ.

ತಂತಿ ಹುಡುಕುವ ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಅದರ ಕಿಟಕಿಯ ಮೂಲಕ ಸುತ್ತಿದ ಟೇಪಿನ ಅಂಚನ್ನು ನೋಡಿ. ಅಲ್ಲಿ ಬಿಳಿಯ ಪುಡಿಯಂತೆ ಅಥವಾ ಎಳೆಯಂತೆ ಏನಾದರೂ ಕಂಡರೆ ಅದು ಬೂಷ್ಟು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲವನ್ನು ಹಲವು ಬಾರಿ ಕಂಡ ಕ್ಯಾಸೆಟ್‌ಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದನ್ನು ಬೇರೆಯಾಗಿಟ್ಟು, ಟೇಪ್ ಶುಚಿಗೊಳಿಸಲು ಬಲ್ಲವರಿಗೆ ಒಪ್ಪಿಸುವುದೇ ಸರಿ.

ಇನ್ನು ಜೋಡಣೆ. ವಿಸಿಆರ್‌ನ ಹಿಂದೆ ಹಳದಿ ಬಣ್ಣದ ವಿಡಿಯೋ ಔಟ್ ಹಾಗೂ ಬಿಳಿ, ಕೆಂಪು ಬಣ್ಣದ ಆಡಿಯೋ ಔಟ್ ಇರುತ್ತವೆ. ಧ್ವನಿ ಮೋನೋ, ಅಂದರೆ ಎಡ ಬಲವೆಂಬ ಭೇದವಿಲ್ಲದೆ ಒಂದೇ ಆಗಿರುವ ಯಂತ್ರದಲ್ಲಿ ಧ್ವನಿಗೆ ಒಂದೇ ಸಾಕೆಟ್ ಇರುತ್ತದೆ. ಹೊಸ ಟಿ.ವಿ.ಗಳಲ್ಲಿ ಈ ಮೂರು ಸಾಕೆಟ್‌ಗಳ ಜಾಗವನ್ನು ಅನೇಕ ಕಂಪನಿಗಳು 3.5 ಮಿ.ಮೀ.ನ ಒಂದೇ ರಂಧ್ರಕ್ಕೆ ಇಳಿಸಿವೆ. ಅದು ಹೆಡ್‌ಫೋನಿನ ರಂಧ್ರದಂತೆಯೇ ಕಾಣುವುದರಿಂದ ಎಷ್ಟೋ ಜನ ತಮ್ಮ ಟಿ.ವಿ.ಗೆ ಹಳೆಯ ಯಂತ್ರ ಜೋಡಿಸುವ ದಾರಿಯೇ ಇಲ್ಲವೆಂದು ತಿಳಿಯುತ್ತಾರೆ. ಪಕ್ಕದಲ್ಲಿ ಎವಿ ಇನ್ (ಆಡಿಯೋ ವಿಡಿಯೋ ಇನ್) ಎಂದು ಬರೆದಿದೆಯೇ ನೋಡಿ. ಇದ್ದರೆ, ಒಂದು ತುದಿಯಲ್ಲಿ ಪಿನ್ನೂ ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಸಾಕೆಟ್‌ಗಳೂ ಇರುವ ಗೇಣುದ್ದದ ಕೇಬಲ್ ಬೇಕಾಗುತ್ತದೆ, ಕೆಲವು ಟಿ.ವಿ.ಗಳ ಪೆಟ್ಟಿಗೆಯಲ್ಲೇ ಅದು ಬಂದಿರುತ್ತದೆ. ಎರಡೂ ಸಾಧನಗಳನ್ನು ಆಫ್ ಮಾಡಿ, ಬಣ್ಣಕ್ಕೆ ಬಣ್ಣ ಸೇರಿಸಿ, ಬಳಿಕ ಆನ್ ಮಾಡಿ ರಿಮೋಟ್‌ನಲ್ಲಿ ಇನ್‌ಪುಟ್ ಅಥವಾ ಸೋರ್ಸ್ ಒತ್ತಿ ಎವಿ ಆರಿಸಿಕೊಳ್ಳಿ.

ಈ ಪುಟ್ಟ ಕೇಬಲ್ಲಿನಲ್ಲಿ ಒಂದು ತೊಡಕಿದೆ. ಅದರ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳು ನಾಲ್ಕು ಲೋಹದ ಭಾಗಗಳನ್ನು ಬೇರ್ಪಡಿಸುತ್ತವೆ. ಯಾವ ಭಾಗದಲ್ಲಿ ಚಿತ್ರ, ಯಾವುದರಲ್ಲಿ ಧ್ವನಿ, ಯಾವುದು ಗ್ರೌಂಡ್ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹೊರಗೆ ಕೊಂಡ ಕೇಬಲ್ಲಿನಲ್ಲಿ ಚಿತ್ರ ಬಾರದೆ ಗುಂಯ್ ಎಂಬ ಸದ್ದು ಮಾತ್ರ ಕೇಳಿಸಿದರೆ, ವಿಸಿಆರ್‌ನಿಂದ ಬಂದ ಹಳದಿ ಪಿನ್ನನ್ನು ಕೇಬಲ್ಲಿನ ಕೆಂಪು ಸಾಕೆಟ್ಟಿಗೆ, ಅದೂ ಆಗದಿದ್ದರೆ ಬಿಳಿಯದಕ್ಕೆ ಹಾಕಿ ನೋಡಿ. ಬಹಳಷ್ಟು ಬಾರಿ ಇಷ್ಟರಲ್ಲೇ ಚಿತ್ರ ಮೂಡುತ್ತದೆ. ಹೀಗೂ ಆಗದಿದ್ದರೆ ಗ್ರೌಂಡಿನ ಸ್ಥಾನವೇ ಬೇರೆಯೆಂದು ತಿಳಿದು, ಆ ಮಾದರಿಯ ಟಿ.ವಿ.ಗೆಂದೇ ಮಾಡಿದ ಕೇಬಲ್ ತರಬೇಕು. ಇನ್ನು ಕೆಲವು ಟಿ.ವಿ.ಗಳಲ್ಲಿ ಹಳದಿ ಸಾಕೆಟ್ ಇಲ್ಲದೆ, ಹಸಿರು ಸಾಕೆಟ್ಟೇ ತನ್ನ ಕೆಲಸದ ಜೊತೆಗೆ ಹಳದಿಯ ಕೆಲಸವನ್ನೂ ಮಾಡುತ್ತದೆ. ಅದರ ಸುತ್ತ ಹಳದಿಯ ಗುರುತಿದ್ದರೆ ಹಳದಿ ಪಿನ್ನನ್ನು ಧೈರ್ಯವಾಗಿ ಅಲ್ಲಿಗೆ ಹಾಕಬಹುದು.

ಚಿತ್ರ, ಧ್ವನಿ ಎರಡನ್ನೂ ಡಿಜಿಟಲ್ ರೂಪದಲ್ಲಿ ಒಯ್ಯುವ ಎಚ್‌ಡಿಎಂಐ ಸಾಕೆಟ್ ಬಿಟ್ಟರೆ ಬೇರೇನೂ ಇಲ್ಲದ ಟಿ.ವಿ. ನಿಮ್ಮದಾಗಿದ್ದರೆ ಕನ್ವರ್ಟರ್ ಅನಿವಾರ್ಯ. ಅಂಗಡಿಯಲ್ಲಿ ಎರಡು ಬಗೆಯವು ಒಂದೇ ಥರ ಕಾಣುತ್ತವೆ: ನಿಮಗೆ ಬೇಕಾದದ್ದು ಎವಿಯಿಂದ ಎಚ್‌ಡಿಎಂಐಗೆ ಹೋಗುವಂಥದ್ದು, ತಿರುಗು ಮುರುಗಾದದ್ದು ಇಲ್ಲಿ ಕೆಲಸ ಮಾಡುವುದಿಲ್ಲ. ಒಂದು ತುದಿಯಲ್ಲಿ ಮೂರು ಬಣ್ಣದ ಪಿನ್, ಇನ್ನೊಂದರಲ್ಲಿ ಎಚ್‌ಡಿಎಂಐ ಇದ್ದು ನಡುವೆ ಏನೂ ಇಲ್ಲದ ಬರಿಯ ಕೇಬಲ್‌ಗೆ ಹಣ ಕೊಡಬೇಡಿ. ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡಲು ಒಳಗೆ ಸರ್ಕ್ಯೂಟ್ ಇರಲೇಬೇಕು, ಅದಕ್ಕೆ 5 ವೋಲ್ಟ್ ವಿದ್ಯುತ್ತೂ ಬೇಕು. ಟಿ.ವಿ.ಯ ಯುಎಸ್‌ಬಿ ಪೋರ್ಟಿನಿಂದ ವಿದ್ಯುತ್ ಕೊಟ್ಟಾಗ ಚಿತ್ರ ಬಂದು ಬಂದು ಹೋಗುತ್ತಿದ್ದರೆ ಮೊಬೈಲ್ ಚಾರ್ಜರ್‌ಗೆ ಬದಲಿಸಿ. ಆದರೂ ಟಿ.ವಿ.ಯಲ್ಲೇ ಎವಿ ಇರುವವರು ಕನ್ವರ್ಟರ್‌ಗೆ ಹೋಗದಿರುವುದು ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಟೇಪಿನಿಂದ ಬರುವ ಸಂಕೇತ ಸದಾ ತುಸು ಅಲುಗುತ್ತಿರುತ್ತದೆ. ಅಗ್ಗದ ಕನ್ವರ್ಟರ್ ಅದನ್ನು ತಾಳಲಾರದೆ, ಪಾಜ್ ಅಥವಾ ಫಾಸ್ಟ್ ಫಾರ್ವರ್ಡ್ ಒತ್ತಿದ ಕೂಡಲೇ ಚಿತ್ರವನ್ನೇ ಕೈಬಿಡುವುದುಂಟು.

ಡಿವಿಡಿ ಪ್ಲೇಯರ್‌ನ ವಿಷಯ ಸುಲಭ. ಎಚ್‌ಡಿಎಂಐ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹಸಿರು, ನೀಲಿ, ಕೆಂಪು ಬಣ್ಣದ ಕಾಂಪೊನೆಂಟ್ ಸಾಕೆಟ್‌ಗಳು ಚಿತ್ರವನ್ನು ಮೂರು ಭಾಗ ಮಾಡಿ ಕಳಿಸಿ ಹಳದಿಗಿಂತ ಎಷ್ಟೋ ಸ್ಫುಟವಾದ ಚಿತ್ರ ಕೊಡುತ್ತವೆ. ಧ್ವನಿಗೆ ಬೇರೆ ಎರಡು ಪಿನ್ ಹಾಕಬೇಕೆಂಬುದನ್ನು ಮರೆಯದಿರಿ.

ಚಿತ್ರ ಬಂದರೂ ಬಣ್ಣವಿಲ್ಲದೆ ಕಪ್ಪು ಬಿಳುಪಾಗಿದ್ದರೆ ಟಿ.ವಿ.ಯ ಕಲರ್ ಸಿಸ್ಟಮ್ ಅನ್ನು ಆಟೋದಿಂದ ಪಾಲ್ ಎಂಬ ಬಣ್ಣದ ಪದ್ಧತಿಗೆ ಬದಲಿಸಿ. ನಮ್ಮ ದೇಶದ ಕ್ಯಾಸೆಟ್‌ಗಳೂ ದುಬೈ, ಮಸ್ಕತ್‌ಗಳಿಂದ ಬಂದವೂ ಸಾಮಾನ್ಯವಾಗಿ 625 ಗೆರೆಗಳ ಪಾಲ್ ಪದ್ಧತಿಯವು. ಅಮೆರಿಕದಿಂದ ಬಂಧುಗಳು ಕಳಿಸಿದ ಕ್ಯಾಸೆಟ್ 525 ಗೆರೆಗಳ ಎನ್‌ಟಿಎಸ್‌ಸಿ ಎಂಬ ಬೇರೆ ಪದ್ಧತಿಯದಾಗಿರುವುದರಿಂದ, ವಿಸಿಆರ್‌ನಲ್ಲಿ ಎನ್‌ಟಿಎಸ್‌ಸಿ ಪ್ಲೇಬ್ಯಾಕ್ ಸೌಲಭ್ಯವಿದ್ದರೆ ಮಾತ್ರ ಸರಿಯಾಗಿ ಓಡುತ್ತದೆ. ಅಲ್ಲಿಂದಲೇ ತಂದ ವಿಸಿಆರ್ ಆದರೆ ಅದು 120 ವೋಲ್ಟಿನದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತದೆ.

ಇಷ್ಟಾದ ಮೇಲೆ ಅನೇಕರು ನಿಲ್ಲಿಸಿಬಿಡುತ್ತಾರೆ, ಆದರೆ ನೋಡುವ ಸುಖವಿರುವುದು ಟಿ.ವಿ.ಯ ಸೆಟ್ಟಿಂಗ್‌ಗಳಲ್ಲಿ. ಮೊದಲು ಪಿಕ್ಚರ್ ಸೈಜ್ ಅನ್ನು 4:3ಕ್ಕೆ ಇಡಿ. ಎರಡೂ ಬದಿಗೆ ಕಪ್ಪು ಪಟ್ಟಿ ಬರಲಿ. ಅಗಲದ ಪರದೆಯನ್ನು ತುಂಬಿಸುವ ಆಸೆಗೆ ಅಜ್ಜಿಯ ಮುಖವನ್ನು ಹಿಗ್ಗಿಸಿ ನೋಡುವುದು ಆ ಚಿತ್ರಕ್ಕೂ ಆಕೆಗೂ ಮಾಡುವ ಅನ್ಯಾಯ. ಅಡ್ಡಸಾಲಿನಲ್ಲಿ ಪಕ್ಕಪಕ್ಕದ ಸುಮಾರು 240 ನಿಂತ ಗೆರೆಗಳಷ್ಟೇ ವಿವರವಿರುವ ವಿಎಚ್‌ಎಸ್ ಚಿತ್ರವನ್ನು 1920 ಚುಕ್ಕಿಗಳ ಪರದೆಗೆ ಹರಡುವಾಗ ಮಸುಕು ಸಹಜ. ಆ ಮಸುಕನ್ನು ಕಳೆಯಲೆಂದು ಶಾರ್ಪ್‌ನೆಸ್ ಏರಿಸಿದರೆ ಮುಖದ ಸುತ್ತ ಬಿಳಿ ಅಂಚೂ ಟೇಪಿನ ಕಾಳುಕಾಳಾದ ಗದ್ದಲವೂ ಎದ್ದು ಕಾಣುತ್ತವೆ, ಹಾಗಾಗಿ ಅದನ್ನು ಸಾಕಷ್ಟು ಇಳಿಸಬೇಕು. ವಿವಿಡ್ ಬದಲು ಸಿನಿಮಾ ಮೋಡ್ ಇಟ್ಟರೆ ರೇಷ್ಮೆ ಸೀರೆಯ ಕೆಂಪು ಹರಡಿಕೊಳ್ಳುವುದೂ ಕಡಿಮೆಯಾಗುತ್ತದೆ. ಚಿತ್ರದ ನಡುವೆ ಬಿಳಿ ಗೆರೆಗಳು ಓಡುತ್ತಿದ್ದರೆ ವಿಸಿಆರ್‌ನ ಹೆಡ್ಡನ್ನು ಟೇಪಿನ ಸಾಲಿಗೆ ಸರಿಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನವಾಗಿ ಹೊಂದಿಸಿ. ಕೆಳ ಅಂಚಿನಲ್ಲಿ ಮಾತ್ರ ಸದಾ ನಡುಗುವ ಸಣ್ಣ ಪಟ್ಟಿ ಕಂಡರೆ ಗಾಬರಿಯಾಗಬೇಡಿ: ವಿಸಿಆರ್‌ನ ಹೆಡ್‌ಗಳು ಸರದಿ ಬದಲಿಸುವ ಜಾಗವದು, ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಟಿ.ವಿ.ಯಲ್ಲಿ ಚಿತ್ರದ ಅಂಚುಗಳನ್ನು ತುಸು ಕತ್ತರಿಸುವ ಓವರ್‌ಸ್ಕ್ಯಾನ್ ಆಯ್ಕೆಯಿದ್ದರೆ ಆನ್ ಮಾಡಿ, ಅದು ಮರೆಯಾಗುತ್ತದೆ.