ಓಣಿಯ ಊಟಕ್ಕೆ ರೊಟ್ಟಿಯಿಂದಲೇ ಆರಂಭಿಸಿ

ವಿಜಯಪುರದ ನಮ್ಮ ಓಣಿಯಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಸೇರಿ ಊಟ ಮಾಡುತ್ತೇವೆ. ನಿಮ್ಮಲ್ಲೂ ಆರಂಭಿಸುವ ಆಸೆಯಿದ್ದರೆ ಒಂದು ಮಾತು: ಅಡುಗೆಯವರನ್ನು ಕರೆಸಬೇಡಿ. ಕೂಡಿ ಉಣ್ಣುವುದಕ್ಕಿಂತ ಕೂಡಿ ಬೇಯಿಸುವಾಗಲೇ ಜನ ಹತ್ತಿರವಾಗುತ್ತಾರೆ.

ಹಿಂದಿನ ದಿನ ಮಧ್ಯಾಹ್ನ ಜೋಳದ ರೊಟ್ಟಿ ಬಡಿಯಲು ಕೂರಿ. ಕಿಲೋ ಹಿಟ್ಟಿಗೆ ಸುಮಾರು 20 ರೊಟ್ಟಿ ಆಗುತ್ತವೆ. ಹಿಟ್ಟು ಹೊಸದಾಗಿ ಬೀಸಿದ್ದಿರಲಿ, ಹಳೆಯದಾದರೆ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಹಿಟ್ಟಿಗೆ ಹಾಕುವ ನೀರು ಕುದಿಯುತ್ತಿರಬೇಕು. ಚೆನ್ನಾಗಿ ಒಣಗಿಸಿದ ಖಡಕ್ ರೊಟ್ಟಿ ಕೆಡುವುದಿಲ್ಲ, ಆದ್ದರಿಂದ ಮರುದಿನ ಪಲ್ಯ ಮತ್ತು ಸಾರಿನ ಕೆಲಸ ಮಾತ್ರ ಉಳಿಯುತ್ತದೆ.

ಒಂಟಿಯಾಗಿರುವ ಹಿರಿಯರಿಗೆ ಊಟದ ಡಬ್ಬಿ ಕಳಿಸಿ ಸುಮ್ಮನಾಗಬೇಡಿ. ಕರೆತಂದು ಕೆಲಸ ಕೊಡಿ. ನಮ್ಮ ಓಣಿಯ ಅಜ್ಜಿಯೊಬ್ಬರು ಪತಿ ತೀರಿಕೊಂಡ ಮೇಲೆ ಬಾಗಿಲು ತೆರೆಯುವುದನ್ನೇ ಬಿಟ್ಟಿದ್ದರು. ಬಾಡಿಗೆಗೆ ಬಂದ ಹುಡುಗಿಯ ರೊಟ್ಟಿ ಮೂರನೆಯ ಸಲವೂ ಹರಿದಾಗ, ಅವರೇ ಎದ್ದು ಬಂದು ಅವಳ ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟು ಬಡಿದು ತೋರಿಸಿದರು. ಈಗ ಆ ಹುಡುಗಿ ದಿನವೂ ಅವರ ಮನೆಗೆ ಹೋಗಿ ಬರುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತದೆ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಗೆ ಅಡುಗೆಯ ನೈವೇದ್ಯ, ಚೆಲ್ಲಿ, ನೆರೆಯವರನ್ನು ಕೂಗಿ ಕರೆದು ಉಣ್ಣಿಸುವ ನಾಡು ನಮ್ಮದು. ಪಟ್ಟಣದ ಓಣಿಗೂ ಅದೇ ರೂಢಿ ತರಬಹುದು.

ಖರ್ಚಿಗೆ ಹಣ ಕೇಳಬೇಡಿ. ಒಬ್ಬರು ಜೋಳ, ಒಬ್ಬರು ಶೇಂಗಾ ಚಟ್ನಿ, ಒಬ್ಬರು ಮೊಸರು ತರಲಿ. ಏನೂ ತರಲಾಗದವರಿಗೆ ಬಡಿಸುವ ಕೆಲಸ ಕೊಡಿ.