ಕೇಪ್‌ಟೌನ್‌ನಲ್ಲಿ ಕುಳ್ಳ ಗೋಸುಂಬೆ ನೋಡುವುದು ಹೇಗೆ?

ಹಗಲಲ್ಲಿ ಹುಡುಕಿ ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಬೇಲಿಗಿಡಗಳ ಪಕ್ಕ ನಿಧಾನವಾಗಿ ನಡೆಯಿರಿ. ನಾನು ಬೆಳಕನ್ನು ರೆಂಬೆಯ ತುದಿಗೇ ಬಿಡುತ್ತೇನೆ. ನಿದ್ದೆಯಲ್ಲಿ ಅದರ ಹಸಿರು ಬಿಳಿಚಿಕೊಳ್ಳುತ್ತದೆ. ಬಾಲ ಸುತ್ತಿಕೊಂಡು, ಕಣ್ಣು ಮುಚ್ಚಿ, ಕಡ್ಡಿಯನ್ನು ತಬ್ಬಿ ಮಲಗಿರುತ್ತದೆ. ಈ ಗುಂಪಿನವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಪುಟಾಣಿಗಳು ಹುಲ್ಲಿನ ಮೇಲೂ ಇರಬಹುದು, ಕೆಳಗೂ ನೋಡಿ. ಕಂಡ ಕೂಡಲೇ ಟಾರ್ಚ್ ಪಕ್ಕಕ್ಕೆ ತಿರುಗಿಸಿ. ಮುಟ್ಟಬೇಡಿ. ಮನೆಗೆ ತರುವುದಂತೂ ಬೇಡವೇ ಬೇಡ, ಪರವಾನಗಿ ಇಲ್ಲದೆ ಹಿಡಿಯುವುದು ಅಪರಾಧ.

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯಕ್ಕೆ ಹೋದರೆ ಇನ್ನೂ ಜಾಸ್ತಿ ಹುಷಾರು. ಅಲ್ಲಿನ ಬೆಟ್ಟಗಳ ಸ್ಮಿತ್ ಕುಳ್ಳ ಗೋಸುಂಬೆ ಅಳಿವಿನ ಅಂಚಿನಲ್ಲಿದೆ. ಫೋಟೋ ಹಾಕುವ ಮುಂಚೆ ಲೊಕೇಶನ್ ಅಳಿಸಿ. ಕಳ್ಳರಿಗೆ ದಾರಿ ತೋರಿಸೋದು ಯಾಕೆ, ಅಲ್ವಾ?

ನಿಮ್ಮದೇ ತೋಟವಿದ್ದರೆ ಕೀಟನಾಶಕ ನಿಲ್ಲಿಸಿ, ಬೆಕ್ಕನ್ನು ಒಳಗಿಡಿ.